ಸಂಬಳದ ಅಂತರ: ಎಷ್ಟು ಪಟ್ಟು ನ್ಯಾಯ?



ನಮ್ಮ ಪತ್ರಿಕೆಯ ಈ ಪುಟಗಳಲ್ಲಿ ಸಾಮಾನ್ಯವಾಗಿ ಗ್ಯಾಸ್ ಸಿಲಿಂಡರಿನ ದರ, ಆಹಾರ ಸುರಕ್ಷತೆಯ ಲೈಸೆನ್ಸ್, ಜಿಎಸ್‌ಟಿ, ಬಾಳೆ ಎಲೆಯ ಅಭಾವ ಮುಂತಾದ ವಿಷಯಗಳನ್ನು ಚರ್ಚಿಸುತ್ತೇವೆ. ಈ ಬಾರಿ ಸ್ವಲ್ಪ ಬೇರೆ ವಿಷಯ ಎತ್ತಿಕೊಂಡಿದ್ದೇವೆ. ದೊಡ್ಡ ಸಂಸ್ಥೆಯ ಮುಖ್ಯಸ್ಥರಿಗೂ ಅದೇ ಸಂಸ್ಥೆಯಲ್ಲಿ ನೆಲ ಒರೆಸುವವರಿಗೂ ಇರುವ ಸಂಬಳದ ಅಂತರ ನ್ಯಾಯವೇ ಎಂಬ ಪ್ರಶ್ನೆ ಅದು. ಇದು ದೊಡ್ಡವರ ಚರ್ಚೆ, ಸೌಟು ಹಿಡಿಯುವ ನಮಗೇನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮಲ್ಲಿ ಪ್ರತಿಯೊಬ್ಬರೂ ಸಂಬಳ ಕೊಡುವವರು. ಒಂದು ಮದುವೆಯ ಅಡುಗೆ ಒಪ್ಪಿಕೊಂಡರೆ ಮುಖ್ಯ ಭಟ್ಟರಿಂದ ಹಿಡಿದು ಪಾತ್ರೆ ಉಜ್ಜುವ ಹುಡುಗನವರೆಗೆ ಮೂವತ್ತು ನಲವತ್ತು ಜನರ ಕೂಲಿಯನ್ನು ನಿರ್ಧರಿಸುವವರು ನಾವೇ. ಆದ್ದರಿಂದ ಈ ಪ್ರಶ್ನೆ ನಮ್ಮ ಒಲೆಯ ಮುಂದೆಯೂ ಇದೆ.

ಕ್ವಾರ್ಟರ್ಸ್ ಹೇಳುವ ಲೆಕ್ಕ

ದೆಹಲಿಯಲ್ಲಿ ಸಂಬಳದ ಅಂತರವನ್ನು ಕಣ್ಣಾರೆ ನೋಡಬೇಕೆಂದರೆ ಕಿದ್ವಾಯಿ ನಗರಕ್ಕೆ ಹೋಗಬೇಕು. ಐಎನ್‌ಎ ಮಾರುಕಟ್ಟೆ ಮತ್ತು ಏಮ್ಸ್ ಆಸ್ಪತ್ರೆಯ ಸಮೀಪದ ಈ ಬಡಾವಣೆ ಕೇಂದ್ರ ಸರ್ಕಾರಿ ನೌಕರರ ವಸತಿ ಪ್ರದೇಶ. ನಾಮಕರಣ, ಉಪನಯನ, ನಿವೃತ್ತಿಯ ಊಟ ಎಂದು ನಮ್ಮವರು ಕೊಪ್ಪರಿಗೆ, ಬಾಣಲೆ ಹೊರಿಸಿಕೊಂಡು ಹೋಗುವುದು ಇಂಥ ಕಾಲೋನಿಗಳಿಗೇ. ಪೂರ್ವ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸ್‌ಗಳನ್ನು 2010ರ ದಶಕದಲ್ಲಿ ಕೆಡವಿ, ಅದೇ ಜಾಗದಲ್ಲಿ ಎನ್‌ಬಿಸಿಸಿ ಸಂಸ್ಥೆ ಬಹುಮಹಡಿ ಕಟ್ಟಡಗಳನ್ನು ಕಟ್ಟಿತು. ಈಗ ಅಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮನೆಗಳಿವೆ.

ಬಡಾವಣೆಗೆ ಹೆಸರು ಕೊಟ್ಟ ರಫಿ ಅಹ್ಮದ್ ಕಿದ್ವಾಯಿಯವರು ನಮ್ಮ ಉದ್ಯಮಕ್ಕೆ ತೀರ ಹೊರಗಿನವರಲ್ಲ. 1952ರಿಂದ 1954ರಲ್ಲಿ ತೀರಿಕೊಳ್ಳುವವರೆಗೆ ಅವರು ಕೇಂದ್ರದ ಆಹಾರ ಮಂತ್ರಿಗಳಾಗಿದ್ದರು. ಯುದ್ಧಕಾಲದಿಂದ ಉಳಿದುಕೊಂಡಿದ್ದ ಧಾನ್ಯದ ನಿಯಂತ್ರಣವನ್ನು ಸಡಿಲಿಸಿದವರು ಅವರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಇರುವುದೂ ಅವರದೇ ಹೆಸರು.

ಸರ್ಕಾರಿ ಕಾಲೋನಿಗಳಲ್ಲಿ ಮನೆ ಹಂಚುವುದು ಸಂಬಳದ ಮಟ್ಟ ನೋಡಿ. ಗುಮಾಸ್ತರ ಮಟ್ಟದವರಿಗೆ ಟೈಪ್ 2, ಅವರಿಗಿಂತ ಮೇಲಿನವರಿಗೆ ಟೈಪ್ 3, ಅಧಿಕಾರಿಗಳಿಗೆ ಟೈಪ್ 4, ಇನ್ನೂ ಹಿರಿಯರಿಗೆ 5, 6, 7 ಎಂದು ಮನೆಯ ಅಳತೆ ಏರುತ್ತಾ ಹೋಗುತ್ತದೆ. ಕಿದ್ವಾಯಿ ನಗರದಲ್ಲಿ ಒಬ್ಬರ ಮನೆ ಯಾವ ಟೈಪಿನದು ಎಂದು ಕೇಳಿದರೆ ಅವರ ಸಂಬಳ ಎಷ್ಟು ಎಂದು ಕೇಳಿದಂತೆಯೇ. ಅಂತರ ಇದೆ, ಆದರೆ ಅದು ಗುಟ್ಟಿನದಲ್ಲ. ಎಷ್ಟು ಎಂಬುದು ಕಟ್ಟಡದ ಮೇಲೆಯೇ ಬರೆದಂತಿದೆ.

ಆ ಅಂತರ ಎಷ್ಟಿರಬೇಕು ಎಂಬುದನ್ನು ಕೇಂದ್ರದ ವೇತನ ಆಯೋಗಗಳು ಕಾಲಕಾಲಕ್ಕೆ ಚರ್ಚಿಸಿ, ಶಿಫಾರಸು ಮಾಡಿ, ಪ್ರಕಟಿಸುತ್ತಾ ಬಂದಿವೆ. ಅತಿ ಕೆಳಗಿನ ನೌಕರನ ಮೂಲ ವೇತನ ಮತ್ತು ಇಲಾಖೆಯ ಕಾರ್ಯದರ್ಶಿಯ ಮೂಲ ವೇತನ, ಇವೆರಡನ್ನು ಮಾತ್ರ ತೆಗೆದುಕೊಂಡರೆ ಲೆಕ್ಕ ಹೀಗಿದೆ:

1973, 3ನೇ ಆಯೋಗ: ರೂ. 196 ಮತ್ತು ರೂ. 3,500. ಸುಮಾರು 18 ಪಟ್ಟು.
1986, 4ನೇ ಆಯೋಗ: ರೂ. 750 ಮತ್ತು ರೂ. 8,000. ಸುಮಾರು 10.7 ಪಟ್ಟು.
1996, 5ನೇ ಆಯೋಗ: ರೂ. 2,550 ಮತ್ತು ರೂ. 26,000. ಸುಮಾರು 10.2 ಪಟ್ಟು.
2006, 6ನೇ ಆಯೋಗ: ರೂ. 7,000 ಮತ್ತು ರೂ. 80,000. ಸುಮಾರು 11.4 ಪಟ್ಟು.
2016, 7ನೇ ಆಯೋಗ: ರೂ. 18,000 ಮತ್ತು ರೂ. 2,25,000. ಸರಿಯಾಗಿ 12.5 ಪಟ್ಟು.

ಸಂಪುಟ ಕಾರ್ಯದರ್ಶಿಗೆ ಇನ್ನೂ ಸ್ವಲ್ಪ ಹೆಚ್ಚು, ರೂ. 2,50,000. ಅಂದರೆ ಇಷ್ಟು ದೊಡ್ಡ ದೇಶದ ಆಡಳಿತ ಯಂತ್ರದ ತುದಿಯಲ್ಲಿ ಕುಳಿತವರಿಗೂ ಕೊನೆಯ ಮೆಟ್ಟಿಲಿನಲ್ಲಿ ನಿಂತವರಿಗೂ ಇರುವ ವೇತನದ ಅಂತರ ಹದಿನಾಲ್ಕು ಪಟ್ಟನ್ನು ಮುಟ್ಟುವುದಿಲ್ಲ. 8ನೇ ಆಯೋಗಕ್ಕೆ ಕೇಂದ್ರ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು.

ಕಂಪನಿಗಳ ಲೆಕ್ಕ

ಈಗ ಖಾಸಗಿ ಕ್ಷೇತ್ರಕ್ಕೆ ಬರೋಣ. 2013ರ ಕಂಪನಿ ಕಾಯ್ದೆಯ ಪ್ರಕಾರ, ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯೂ ತನ್ನ ನಿರ್ದೇಶಕರ ಸಂಬಳ ಮಧ್ಯಮ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು ವರ್ಷವರ್ಷವೂ ಪ್ರಕಟಿಸಬೇಕು. ಮಧ್ಯಮ ನೌಕರ ಎಂದರೆ ಎಲ್ಲ ನೌಕರರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವನು.

ಈ ವಿಷಯದಲ್ಲಿ ಕನ್ನಡಿಗರಿಗೆ ಚೆನ್ನಾಗಿ ನೆನಪಿರುವ ಪ್ರಸಂಗ ಬೆಂಗಳೂರಿನ ಇನ್ಫೋಸಿಸ್‌ನದು. 2017ರ ಏಪ್ರಿಲ್‌ನಲ್ಲಿ ಕಂಪನಿಯ ಮುಖ್ಯ ಕಾರ್ಯಾಚರಣಾಧಿಕಾರಿಯ ಸಂಬಳ ಏರಿಕೆಯನ್ನು ಸಂಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರೇ ಬಹಿರಂಗವಾಗಿ ಆಕ್ಷೇಪಿಸಿದರು. ಬಹುಪಾಲು ನೌಕರರಿಗೆ ನೂರಕ್ಕೆ 6ರಿಂದ 8ರಷ್ಟು ಏರಿಸಿ, ಮೇಲಿನವರಿಗೆ 60ರಿಂದ 70ರಷ್ಟು ಏರಿಸುವುದು ಸರಿಯಲ್ಲ ಎಂಬುದು ಅವರ ವಾದವಾಗಿತ್ತು. ಏರಿಕೆಯ ದೊಡ್ಡ ಭಾಗ ಸಾಧನೆಗೆ ತಕ್ಕಂತೆ ಸಿಗುವ ಹಣ, ಹಿರಿಯರನ್ನು ಉಳಿಸಿಕೊಳ್ಳಲು ಅದು ಬೇಕು ಎಂದು ಕಂಪನಿ ಉತ್ತರಿಸಿತು. ಷೇರುದಾರರ ಬಹುಮತ ಏರಿಕೆಗೆ ಒಪ್ಪಿಗೆ ಕೊಟ್ಟಿತು. ಅದೇ ಕಂಪನಿಯ ಮುಖ್ಯಸ್ಥರ ವಾರ್ಷಿಕ ಸಂಭಾವನೆ 2024-25ರಲ್ಲಿ ರೂ. 80 ಕೋಟಿ ದಾಟಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಷೇರುಗಳ ರೂಪದಲ್ಲಿ. ಆದರೂ ಮಧ್ಯಮ ನೌಕರನ ಸಂಬಳದೊಡನೆ ಹೋಲಿಸಿದರೆ ಅದು ಏಳುನೂರು ಪಟ್ಟಿಗೂ ಹೆಚ್ಚು.

ಇದು ಒಂದು ಕಂಪನಿಯ ಅಥವಾ ಒಂದು ದೇಶದ ಮಾತಲ್ಲ. ಅಮೆರಿಕದ ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಲೆಕ್ಕದಂತೆ ಅಲ್ಲಿನ ದೊಡ್ಡ ಕಂಪನಿಗಳಲ್ಲಿ 1965ರಲ್ಲಿ 21 ಪಟ್ಟು ಇದ್ದ ಅಂತರ 2023ರಲ್ಲಿ 290 ಪಟ್ಟು ಆಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಯಾವ ಕಂಪನಿಯಲ್ಲೂ ಅಂತರ 12 ಪಟ್ಟು ಮೀರಬಾರದು ಎಂಬ ಪ್ರಸ್ತಾಪವನ್ನು 2013ರ ನವೆಂಬರ್‌ನಲ್ಲಿ ಜನಮತಕ್ಕೆ ಹಾಕಿದರು. ಸುಮಾರು ಮೂರನೇ ಎರಡರಷ್ಟು ಜನ ಬೇಡ ಎಂದರು. ಮೇಲಿನವರ ಸಂಬಳ ಅತಿಯಾಯಿತು ಎಂದು ಗೊಣಗುವವರೂ ಕಾನೂನಿನಿಂದ ಅದಕ್ಕೆ ಕಟ್ಟು ಹಾಕಲು ಹಿಂಜರಿಯುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಅಂತರಕ್ಕೆ ಕೊಡುವ ಕಾರಣಗಳು

ಅಂತರ ಇರಲೇಬಾರದು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮ ಮುಖ್ಯ ಭಟ್ಟರೇ ಮೊದಲು ಏಪ್ರನ್ ಕಳಚಿಟ್ಟು ಹೊರಡುತ್ತಾರೆ! ಅಂತರಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳನ್ನು ಕೊಡುತ್ತಾರೆ. ಅವನ್ನು ನಮ್ಮ ಅಡುಗೆಮನೆಯಲ್ಲೇ ಇಟ್ಟು ನೋಡೋಣ.

ಮೊದಲನೆಯದು ಕೌಶಲ. ಐನೂರು ಜನರ ಹುಳಿಗೆ ಉಪ್ಪು, ಹುಣಸೆ, ಬೆಲ್ಲ ಒಂದೇ ಬಾರಿಗೆ ಹದವಾಗಿ ಬೀಳಬೇಕಾದರೆ ಇಪ್ಪತ್ತು ವರ್ಷದ ಕೈ ಬೇಕು. ಹೋಳಿಗೆಯ ಕಣಕ ನಾದುವ ಹದ ಪುಸ್ತಕ ಓದಿ ಬರುವುದಿಲ್ಲ. ಇಂಥ ಕೈಗೆ ಹೆಚ್ಚು ಕೊಡುವುದು ನ್ಯಾಯವೇ.

ಎರಡನೆಯದು ಜವಾಬ್ದಾರಿ. ಪಾಯಸ ಸೀದುಹೋದರೆ, ಮೊಸರನ್ನ ಹುಳಿಯಾದರೆ ಬೈಗುಳ ತಿನ್ನುವವರು, ಆಹಾರ ಸುರಕ್ಷತಾ ಅಧಿಕಾರಿಗೆ ಉತ್ತರ ಕೊಡುವವರು ಯಜಮಾನರು ಮತ್ತು ಮುಖ್ಯ ಭಟ್ಟರು. ಇದಕ್ಕೂ ಬೆಲೆ ಇದೆ.

ಮೂರನೆಯದು ಪೇಟೆಯ ದರ. ಒಳ್ಳೆಯ ಭಟ್ಟರು ವಿರಳ, ಹೆಚ್ಚು ಕೊಡದಿದ್ದರೆ ಪಕ್ಕದವರು ಕರೆದೊಯ್ಯುತ್ತಾರೆ. ಪಾತ್ರೆ ತೊಳೆಯುವವರು ಬೇಕಾದಷ್ಟು ಸಿಗುತ್ತಾರೆ, ಆದ್ದರಿಂದ ಅವರ ಕೂಲಿ ಕಡಿಮೆ. ಈ ಮಾತು ನಡೆಯುತ್ತಿರುವುದನ್ನು ವಿವರಿಸುತ್ತದೆ. ಅದು ನ್ಯಾಯವೇ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಬರಗಾಲದಲ್ಲಿ ಧಾನ್ಯದ ಬೆಲೆ ಮೂರು ಪಟ್ಟು ಏರುವುದೂ ಪೇಟೆಯ ದರವೇ. ಅದನ್ನು ನ್ಯಾಯ ಎಂದು ಯಾರೂ ಕರೆಯುವುದಿಲ್ಲ.

ನಾಲ್ಕನೆಯದು ಮತ್ತು ಎಲ್ಲರೂ ಬಲವಾಗಿ ಹೇಳುವ ಕಾರಣ ಅಪಾಯ. ಬಂಡವಾಳ ನನ್ನದು, ಸಾಲ ನನ್ನದು, ಮದುವೆ ನಿಂತುಹೋದರೆ ನಷ್ಟ ನನ್ನದು, ಆದ್ದರಿಂದ ಲಾಭವೂ ನನ್ನದು ಎಂಬ ವಾದ. ಇದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಲ್ಲ. ಮದುವೆ ನಿಂತುಹೋದರೆ ನಮಗೆ ಬಂದ ಮುಂಗಡದಲ್ಲಿ ಸ್ವಲ್ಪವಾದರೂ ಕೈಯಲ್ಲಿ ಉಳಿಯುತ್ತದೆ. ಬಡಿಸಲು ಬರಬೇಕಾಗಿದ್ದ ಹುಡುಗನಿಗೆ ಅಂದಿನ ಕೂಲಿ ಪೂರ್ತಿ ಹೋಗುತ್ತದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಇದನ್ನು ಇಡೀ ದೇಶ ನೋಡಿತು. ಮುಂದೆ ಮದುವೆಗೆ 50 ಜನರ ಮಿತಿ ಬಂದು ನಮ್ಮ ಒಲೆಗಳು ಆರಿದವು. ಸರ್ಕಾರಿ ನೌಕರರಿಗೆ ಆ ಸಮಯದಲ್ಲಿ ತುಟ್ಟಿಭತ್ಯೆಯ ಮೂರು ಕಂತು ತಡೆಹಿಡಿಯಲಾಯಿತಾದರೂ ಸಂಬಳ ಬಂತು. ದಿನಗೂಲಿಯವರು ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಗಂಟು ಮೂಟೆ ಹೊತ್ತು ನಿಂತರು. ಬಸ್ಸು ಸಿಗದವರು ನಡೆದೇ ಹೊರಟರು. ಅಪಾಯ ಹೊರುವವರಿಗೆ ಹೆಚ್ಚು ಸಿಗಬೇಕು ಎಂಬುದೇ ನಿಯಮವಾದರೆ, ಅತಿ ಹೆಚ್ಚು ಅಪಾಯ ಹೊತ್ತವನಿಗೆ ಅತಿ ಕಡಿಮೆ ಸಿಕ್ಕಿದ್ದು ಯಾಕೆ?

ಪಟ್ಟಿಯಿಂದ ಹೊರಗೆ ಉಳಿದವರು

ಮೇಲೆ ಕೊಟ್ಟ ಸರ್ಕಾರಿ ಲೆಕ್ಕ ನೋಡಿ, 12.5 ಪಟ್ಟು ಎಂದರೆ ಎಷ್ಟೋ ಪರವಾಗಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. 6ನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರದಲ್ಲಿ 'ಡಿ' ಗುಂಪು ಎಂಬುದೇ ಇಲ್ಲವಾಯಿತು. ಆ ಗುಂಪಿನಲ್ಲಿದ್ದವರನ್ನು ಮೇಲಿನ ಗುಂಪಿಗೆ ಏರಿಸಿದರು, ಅದು ಒಳ್ಳೆಯದೇ. ಆದರೆ ಕಸ ಗುಡಿಸುವುದು, ಗೇಟು ಕಾಯುವುದು, ಹುಲ್ಲು ಕತ್ತರಿಸುವುದು ಮುಂತಾದ ಕೆಲಸಗಳು ನಿಲ್ಲಲಿಲ್ಲ. ಅವುಗಳಲ್ಲಿ ಬಹಳಷ್ಟು ಗುತ್ತಿಗೆಗೆ ಹೋದವು. ಇಂದು ಸರ್ಕಾರಿ ಕಾಲೋನಿಯ ಗೇಟಿನಲ್ಲಿ ನಿಂತ ಕಾವಲುಗಾರ, ಮೆಟ್ಟಿಲು ಒರೆಸುವ ಹೆಂಗಸು ಬಹುತೇಕ ಗುತ್ತಿಗೆಯವರು. ಅವರಿಗೆ ಟೈಪ್ 2 ಇರಲಿ, ಯಾವ ಟೈಪಿನ ಮನೆಯೂ ಇಲ್ಲ. ವೇತನ ಆಯೋಗದ ಪಟ್ಟಿಯಲ್ಲೂ ಅವರಿಲ್ಲ.

ದೆಹಲಿಯಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕನಿಷ್ಠ ವೇತನ ಕೌಶಲ ಬೇಡದ ಕೆಲಸಕ್ಕೆ ತಿಂಗಳಿಗೆ ರೂ. 18,456, ಅರೆಕುಶಲರಿಗೆ ರೂ. 20,371, ಕುಶಲರಿಗೆ ರೂ. 22,411. ಸರ್ಕಾರದ ಕೊನೆಯ ಮೆಟ್ಟಿಲಿನ ನೌಕರನ ಮೂಲ ವೇತನ ರೂ. 18,000 ಎಂದು ಮೇಲೆ ನೋಡಿದೆವು. ಎರಡೂ ಒಂದೇ ಎಂದು ಕಾಣುತ್ತದೆ. ಆದರೆ ನೌಕರನಿಗೆ 2025ರ ಜುಲೈನಲ್ಲಿ ಮೂಲ ವೇತನದ ಮೇಲೆ ನೂರಕ್ಕೆ 58ರಷ್ಟು ತುಟ್ಟಿಭತ್ಯೆ ಸೇರಿ ರೂ. 28,440 ಆಗುತ್ತಿತ್ತು. ಅದರ ಮೇಲೆ ಮನೆ ಅಥವಾ ಮನೆ ಬಾಡಿಗೆ ಭತ್ಯೆ, ರಜೆ, ಔಷಧೋಪಚಾರ, ಪಿಂಚಣಿ. ಗುತ್ತಿಗೆಯವನಿಗೆ ರೂ. 18,456 ಪೂರ್ತಿ ಕೈಗೆ ಬಂದರೆ ಅದೇ ಪುಣ್ಯ.

ಕಂಪನಿಗಳಲ್ಲೂ ಇದೇ ಕಥೆ. ಮಧ್ಯಮ ನೌಕರನ ಲೆಕ್ಕ ತೆಗೆಯುವಾಗ ಎಣಿಸುವುದು ಕಂಪನಿಯ ಸ್ವಂತ ನೌಕರರನ್ನು. ಕ್ಯಾಂಟೀನಿನಲ್ಲಿ ಇಡ್ಲಿ ಬಡಿಸುವವರು, ಶೌಚಾಲಯ ತೊಳೆಯುವವರು ಗುತ್ತಿಗೆದಾರರ ಕಡೆಯವರಾದರೆ ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಅವರನ್ನೂ ನಿಲ್ಲಿಸಿದರೆ ಏಳುನೂರು ಪಟ್ಟು ಇನ್ನೂ ಎಷ್ಟಾಗುತ್ತದೋ! ಕೆಳಗಿನವರನ್ನು ಪಟ್ಟಿಯಿಂದ ತೆಗೆದುಬಿಟ್ಟರೆ ಯಾವ ಲೆಕ್ಕವೂ ಚೆನ್ನಾಗಿ ಕಾಣುತ್ತದೆ. ಸಂಬಳದ ಅಂತರ ಎಷ್ಟು ಪಟ್ಟು ಎಂದು ಕೇಳುವ ಮೊದಲು, ಲೆಕ್ಕಕ್ಕೆ ಯಾರನ್ನು ಹಿಡಿದಿಲ್ಲ ಎಂದು ಕೇಳಬೇಕು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ.

ಒಂದು ರೂಪಾಯಿಯ ಕಥೆ

ಪಟ್ಟಿಯಲ್ಲಿ ಇಲ್ಲದವನಿಗೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯದೇ ಉದಾಹರಣೆ ಇದೆ. 1982ರ ಏಷ್ಯಾಡ್ ಕ್ರೀಡೆಗಳಿಗಾಗಿ ಇಲ್ಲಿ ಕ್ರೀಡಾಂಗಣ, ಮೇಲುಸೇತುವೆಗಳನ್ನು ಕಟ್ಟುತ್ತಿದ್ದಾಗ ಸಾವಿರಾರು ಕೂಲಿಯವರು ಜಮಾದಾರರ ಮೂಲಕ ಬಂದಿದ್ದರು. ಆಗಿನ ಕನಿಷ್ಠ ಕೂಲಿ ದಿನಕ್ಕೆ ರೂ. 9.25. ಗುತ್ತಿಗೆದಾರರು ಹಣವನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೆ ಒಂದು ರೂಪಾಯಿ ಕಮಿಷನ್ ಹಿಡಿದುಕೊಂಡು ಉಳಿದ ರೂ. 8.25 ಮಾತ್ರ ಕೊಡುತ್ತಿದ್ದರು. ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆಯೊಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಸ್ವೀಕರಿಸಿತು. 1982ರ ಸೆಪ್ಟೆಂಬರ್ 18ರ ತೀರ್ಪಿನಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಹೇಳಿತು. ಹಸಿವು, ಬಡತನಗಳ ಒತ್ತಾಯವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಗಳು ಗುತ್ತಿಗೆದಾರನನ್ನು ತೋರಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದೂ ನ್ಯಾಯಾಲಯ ಹೇಳಿತು.

ಈಗ ನಮ್ಮ ಉದ್ಯಮ ನೋಡಿ. ದೆಹಲಿ, ನೋಯ್ಡಾ, ಗುರುಗ್ರಾಮದ ಸಮಾರಂಭಗಳಿಗೆ ವೇಟರ್‌ಗಳನ್ನು, ಪಾತ್ರೆ ತೊಳೆಯುವವರನ್ನು ತಂದು ನಿಲ್ಲಿಸುವವರು ಠೇಕೇದಾರರು. ಇಪ್ಪತ್ತು ಜನ ಬೇಕು ಎಂದು ಫೋನ್ ಮಾಡಿದರೆ ಸಂಜೆ ನಾಲ್ಕಕ್ಕೆ ಟೆಂಪೋದಲ್ಲಿ ಬಂದು ಇಳಿಯುತ್ತಾರೆ. ತಲೆ ಲೆಕ್ಕದಲ್ಲಿ ಹಣ ಠೇಕೇದಾರನ ಕೈಗೆ ಹೋಗುತ್ತದೆ. ಅದರಲ್ಲಿ ಹುಡುಗನ ಕೈಗೆ ಎಷ್ಟು ಸೇರಿತು ಎಂದು ಕೇಳುವ ಪದ್ಧತಿ ಇಲ್ಲ. ರಾತ್ರಿ ಒಂದು ಗಂಟೆಗೆ ಕೊನೆಯ ಪಾತ್ರೆ ಒರೆಸಿಟ್ಟು ಹೋಗುವ ಆ ಹುಡುಗನ ಹೆಸರೂ ನಮ್ಮ ಪುಸ್ತಕದಲ್ಲಿ ಇರುವುದಿಲ್ಲ.

ಏಣಿ ಇತ್ತು, ಈಗ ಎಲ್ಲಿದೆ?

ಕೆಳಗಿನವನಿಗೆ ಇಂದು ಕಡಿಮೆ ಸಿಕ್ಕರೂ ನಾಳೆ ಅವನು ಮೇಲೇರಬಹುದಾದರೆ ಅಂತರ ಅಷ್ಟು ಚುಚ್ಚುವುದಿಲ್ಲ. ನಮ್ಮ ಕರಾವಳಿಯ ಹೋಟೆಲ್ ಪರಂಪರೆಯ ಹೆಮ್ಮೆ ಇದೇ ಆಗಿತ್ತು. ಟೇಬಲ್ ಒರೆಸುವ ಮಾಣಿ ಸಪ್ಲೈಯರ್ ಆಗುತ್ತಿದ್ದ, ಮುಂದೆ ಗಲ್ಲದ ಮೇಲೆ ಕೂರುತ್ತಿದ್ದ, ಕೊನೆಗೆ ಪಾಲುದಾರನಾಗಿ ಬೇರೊಂದು ಊರಿನಲ್ಲಿ ಸ್ವಂತ ಬೋರ್ಡು ಹಾಕುತ್ತಿದ್ದ.

ದೆಹಲಿಯ ಸಾಗರ್ ರತ್ನ ಹೋಟೆಲುಗಳ ಸ್ಥಾಪಕ ಕಾರ್ಕಳದ ಜಯರಾಮ್ ಬಾನನ್ ಅವರ ಜೀವನ ನಮ್ಮ ಓದುಗರಿಗೆ ಗೊತ್ತಿರುವಂಥದೇ. ಬಾಲ್ಯದಲ್ಲಿ ಮನೆ ಬಿಟ್ಟು ಹೋದ ಅವರು ಮುಂಬಯಿ ಬಳಿಯ ಪನ್ವೇಲ್‌ನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ನಿಂತಾಗ ತಿಂಗಳಿಗೆ ರೂ. 18 ಸಿಗುತ್ತಿತ್ತು. ವೇಟರ್ ಆಗಿ, ಮೇಲ್ವಿಚಾರಕನಾಗಿ, ಮ್ಯಾನೇಜರ್ ಆಗುವ ಹೊತ್ತಿಗೆ ಅದು ರೂ. 200 ಆಗಿತ್ತು. ಲೆಕ್ಕ ಹಾಕಿದರೆ ಆ ಕ್ಯಾಂಟೀನಿನ ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಸುಮಾರು 11 ಪಟ್ಟು ಅಂತರ. ಅದು ಆ ಹುಡುಗನನ್ನು ತಡೆಯಲಿಲ್ಲ, ಏಕೆಂದರೆ ನಡುವಿನ ಮೆಟ್ಟಿಲುಗಳೆಲ್ಲ ಒಂದೇ ಮಾಡಿನ ಕೆಳಗೆ ಇದ್ದವು. ಮುಂದೆ ಅವರು ಗಾಜಿಯಾಬಾದಿನಲ್ಲಿ ಕ್ಯಾಂಟೀನ್ ನಡೆಸಿ, 1986ರಲ್ಲಿ ಕಿದ್ವಾಯಿ ನಗರದಿಂದ ಹೆಚ್ಚು ದೂರವಿಲ್ಲದ ಡಿಫೆನ್ಸ್ ಕಾಲೋನಿಯಲ್ಲಿ ತಮ್ಮ ಹೋಟೆಲು ತೆರೆದರು.

ಠೇಕೇದಾರನ ಟೆಂಪೋದಲ್ಲಿ ಬಂದು ಹೋಗುವ ಹುಡುಗನಿಗೆ ಈ ಏಣಿಯ ಮೊದಲ ಮೆಟ್ಟಿಲೇ ಇಲ್ಲ. ಇಂದು ಒಬ್ಬರ ಪಂಕ್ತಿಯಲ್ಲಿ, ನಾಳೆ ಇನ್ನೊಬ್ಬರ ಬಫೆಯಲ್ಲಿ. ಅವನ ಕೈ ಚುರುಕೇ ಎಂದು ಗಮನಿಸುವವರೂ ಇಲ್ಲ, ಒಗ್ಗರಣೆ ಹಾಕು ನೋಡೋಣ ಎನ್ನುವವರೂ ಇಲ್ಲ. ಹತ್ತು ವರ್ಷವಾದರೂ ಅವನು ತಟ್ಟೆ ಎತ್ತುವವನೇ. ಹೊಸ ಭಟ್ಟರು ಸಿಗುತ್ತಿಲ್ಲ ಎಂದು ನಮ್ಮ ಸಭೆಗಳಲ್ಲಿ ಕೇಳಿಬರುವ ದೂರಿಗೂ ಇದಕ್ಕೂ ಸಂಬಂಧವಿದೆ. ಭಟ್ಟರು ತಯಾರಾಗುವುದು ಪಾತ್ರೆಯ ಕಟ್ಟೆಯಿಂದಲೇ.

ಇನ್ನೊಂದು ದಾರಿ: ಕಾಫಿ ಹೌಸ್

ಬೇರೆ ರೀತಿಯಲ್ಲಿ ನಡೆಸಿ ನೋಡಿದವರೂ ನಮ್ಮ ಉದ್ಯಮದಲ್ಲೇ ಇದ್ದಾರೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅದೇ ವರ್ಷ ಅಕ್ಟೋಬರ್ 27ರಂದು ದೆಹಲಿಯ ಕನಾಟ್ ಪ್ಲೇಸಿನಲ್ಲಿ ನೌಕರರ ಕಾಫಿ ಹೌಸ್ ತೆರೆಯಿತು. ಪೇಟ ಕಟ್ಟಿ ಕಾಫಿ ತರುವವನೂ ಅಲ್ಲಿ ಸಂಘದ ಸದಸ್ಯ, ಆಡಳಿತ ಮಂಡಳಿಯ ಚುನಾವಣೆಯಲ್ಲಿ ಅವನಿಗೂ ಒಂದು ಓಟು. ಮ್ಯಾನೇಜರಿಗೆ ಹೆಚ್ಚು ಸಂಬಳ ಇದ್ದರೂ ಎಷ್ಟು ಹೆಚ್ಚು ಎಂಬ ಮಾತಿನಲ್ಲಿ ಕೆಳಗಿನವನ ಧ್ವನಿಯೂ ಸೇರಿರುತ್ತದೆ. ಸ್ಪೇನ್ ದೇಶದಲ್ಲಿ 1956ರಲ್ಲಿ ಆರಂಭವಾದ ಮೊಂಡ್ರಾಗನ್ ಸಹಕಾರ ಸಂಸ್ಥೆಗಳಲ್ಲೂ ಹೀಗೆಯೇ. ಸಾವಿರಾರು ಸದಸ್ಯರಿದ್ದರೂ ಅಂತರ ಸಾಮಾನ್ಯವಾಗಿ ಆರು ಪಟ್ಟಿನ ಆಸುಪಾಸಿನಲ್ಲಿದೆ.

ಇದೇ ಸ್ವರ್ಗ ಎಂದು ನಾವು ಹೇಳುತ್ತಿಲ್ಲ. ದೆಹಲಿಯ ಕಾಫಿ ಹೌಸ್ ಬಾಡಿಗೆ ಬಾಕಿ, ನಷ್ಟ ಎಲ್ಲವನ್ನೂ ಕಂಡಿದೆ. ಎಲ್ಲರೂ ಸಮಾನರಾದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ಆದರೆ ಅಷ್ಟು ವರ್ಷ ಬಾಗಿಲು ತೆರೆದಿಟ್ಟುಕೊಂಡು ಬಂದಿರುವುದೂ ಸಣ್ಣ ಮಾತಲ್ಲ. ಕೆಳಗಿನವನನ್ನು ಎಣಿಕೆಗೆ ಸೇರಿಸಿಕೊಂಡರೆ ಅಂಗಡಿ ಮುಚ್ಚಿಹೋಗುತ್ತದೆ ಎಂಬ ಭಯಕ್ಕೆ ಅದು ಉತ್ತರ.

ನಮ್ಮ ಲೆಕ್ಕ, ನಮ್ಮ ಕೈಯಲ್ಲಿ

ಕಂಪನಿಯ ಮುಖ್ಯಸ್ಥರ ಸಂಬಳ ಇಳಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದನ್ನು ನೋಡೋಣ.

ಮುನ್ನೂರು ಎಲೆಯ ಒಂದು ಊಟ ಎಂದು ಇಟ್ಟುಕೊಳ್ಳಿ. ಬಡಿಸುವವರು ಇಪ್ಪತ್ತು, ತರಕಾರಿ ಹೆಚ್ಚುವವರು ಮತ್ತು ಪಾತ್ರೆಯವರು ಹತ್ತು, ಒಟ್ಟು ಮೂವತ್ತು ಜನ. ಪ್ರತಿಯೊಬ್ಬರಿಗೂ ಈಗ ಕೊಡುವುದಕ್ಕಿಂತ ರೂ. 150 ಹೆಚ್ಚು ಕೊಟ್ಟರೆ ಒಟ್ಟು ರೂ. 4,500. ಮುನ್ನೂರು ಎಲೆಗೆ ಹಂಚಿದರೆ ಎಲೆಗೆ ರೂ. 15. ಎಲೆಗೆ ರೂ. 600 ಎಂದು ಹಿಡಿದರೆ ಅದು ನೂರಕ್ಕೆ ಎರಡೂವರೆ. ಕೆಳಗಿನ ಮೂವತ್ತು ಜನರಿಗೆ ಅದು ದೊಡ್ಡ ಮೊತ್ತ, ಗಿರಾಕಿಗೆ ಒಂದು ಲೀಟರ್ ನೀರಿನ ಬಾಟಲಿಗಿಂತ ಕಡಿಮೆ. ಮೇಲಿನ ಹಣ್ಣಿನ ಕೌಂಟರಿಗೆ, ಹೂವಿನ ಕಮಾನಿಗೆ ಚೌಕಾಸಿ ಮಾಡದೆ ಖರ್ಚು ಮಾಡುವ ಗಿರಾಕಿ ಇದಕ್ಕೆ ಒಪ್ಪುವುದೇ ಇಲ್ಲ ಎಂದು ಕೇಳುವ ಮೊದಲೇ ತೀರ್ಮಾನಿಸುವುದು ಬೇಡ.

ದಿನದ ಕೂಲಿ ಮಾತ್ರ ನೋಡಿದರೂ ಸಾಲದು. ದೆಹಲಿಯ ಕನಿಷ್ಠ ವೇತನವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು ರೂ. 710. ನಾವು ರೂ. 800 ಕೊಡುತ್ತೇವೆ, ಕಾನೂನಿಗಿಂತ ಹೆಚ್ಚೇ ಆಯಿತು ಎಂದು ಒಬ್ಬರು ಹೇಳಬಹುದು. ಮದುವೆಯ ಸೀಸನ್ ಅಲ್ಲದ ತಿಂಗಳಲ್ಲಿ ಅವನಿಗೆ 15 ದಿನ ಕೆಲಸ ಸಿಕ್ಕರೆ ಬರುವುದು ರೂ. 12,000. ಆ ಹಣದಲ್ಲಿ ಇಡೀ ತಿಂಗಳು ಬದುಕಬೇಕು.

ಕಾನೂನಿನ ವಿಷಯವನ್ನೂ ಹೇಳಬೇಕು. 2025ರ ನವೆಂಬರ್ 21ರಿಂದ ವೇತನ ಸಂಹಿತೆಯೂ ಸೇರಿದಂತೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕನಿಷ್ಠ ವೇತನ ಎಲ್ಲ ಕಾರ್ಮಿಕರಿಗೂ ಅನ್ವಯ. ನಿಗದಿತ ಅವಧಿ ಮೀರಿ ದುಡಿಸಿದರೆ ಎರಡರಷ್ಟು ದರ. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಕೂಲಿ ಕೊಡುವಂತಿಲ್ಲ. ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಬೇಕು. ನೇರ ಮಾಲೀಕ ಕೂಲಿ ಕೊಡದಿದ್ದರೆ ಹೊಣೆ ಕೆಲಸ ನಡೆದ ಸಂಸ್ಥೆಯ ಮೇಲೆ ಬರುತ್ತದೆ.

ಇದರ ಹಿನ್ನೆಲೆಯಲ್ಲಿ ಸದಸ್ಯರ ಮುಂದೆ ನಮ್ಮ ಕೆಲವು ಸಲಹೆಗಳು:

1. ಪ್ರತಿ ಸಮಾರಂಭಕ್ಕೂ ಹಾಜರಿ ಪುಸ್ತಕ ಇಡಿ. ಠೇಕೇದಾರನ ಕಡೆಯಿಂದ ಬಂದವರ ಹೆಸರೂ ಅದರಲ್ಲಿರಲಿ.

2. ಠೇಕೇದಾರನ ಕಮಿಷನ್ ಬೇರೆ, ಹುಡುಗರ ಕೂಲಿ ಬೇರೆ ಎಂದು ಮೊದಲೇ ಮಾತಾಡಿ. ಕೂಲಿಯನ್ನು ನೇರವಾಗಿ ಅವರವರ ಮೊಬೈಲ್ ಖಾತೆಗೆ ಹಾಕಿ.

3. ಗಿರಾಕಿಗೆ ಕೊಡುವ ಅಂದಾಜು ಪಟ್ಟಿಯಲ್ಲಿ ಕೂಲಿಯನ್ನು ಪ್ರತ್ಯೇಕವಾಗಿ ತೋರಿಸಿ. ಚೌಕಾಸಿ ಸಿಹಿತಿಂಡಿಯ ಸಂಖ್ಯೆಯ ಮೇಲೆ ನಡೆಯಲಿ, ಕೂಲಿಯ ಮೇಲೆ ಬೇಡ.

4. ಸಮಾರಂಭ ರದ್ದಾದರೆ ಉಳಿಸಿಕೊಳ್ಳುವ ಮುಂಗಡದಲ್ಲಿ ಒಂದು ಪಾಲು ಅಂದು ಬರಬೇಕಾಗಿದ್ದ ಕೆಲಸಗಾರರಿಗೆ ಹೋಗಲಿ. ಕರಾರಿನಲ್ಲೇ ಅದನ್ನು ಬರೆಯಿರಿ.

5. ತರಕಾರಿ ಹೆಚ್ಚುವ, ಹೋಳಿಗೆ ಲಟ್ಟಿಸುವ ಹೆಂಗಸರಿಗೆ ಅದೇ ಕೆಲಸ ಮಾಡುವ ಗಂಡಸರಷ್ಟೇ ಕೊಡಿ.

6. ಪ್ರತಿ ಸೀಸನ್ನಿನಲ್ಲಿ ಪಾತ್ರೆಯ ಕಡೆಯಿಂದ ಇಬ್ಬರನ್ನು ಒಲೆಯ ಕಡೆಗೆ ತಂದು ಕೆಲಸ ಕಲಿಸಿ. ಕಲಿತಂತೆ ಕೂಲಿ ಏರಲಿ.

ಸಂವಿಧಾನದ 38ನೇ ವಿಧಿಯಲ್ಲಿ ಆದಾಯದ ಅಸಮಾನತೆಗಳನ್ನು ತಗ್ಗಿಸಲು ಸರ್ಕಾರ ಶ್ರಮಿಸಬೇಕು ಎಂಬ ಮಾತಿದೆ. 1978ರ 44ನೇ ತಿದ್ದುಪಡಿಯಿಂದ ಅದು ಸೇರಿತು. ಅದರಲ್ಲಿ ಎಷ್ಟು ಪಟ್ಟು ಎಂಬ ಸಂಖ್ಯೆ ಇಲ್ಲ, ಇರಲೂ ಸಾಧ್ಯವಿಲ್ಲ. ಹಾಗಾದರೆ ನ್ಯಾಯದ ಅಂತರವನ್ನು ಗುರುತಿಸುವುದು ಹೇಗೆ? ನಮಗೆ ತೋಚುವ ಪರೀಕ್ಷೆ ಸರಳವಾದದ್ದು. ನಿಮಗೆ ಸಿಗುವುದೆಷ್ಟು, ಮುಖ್ಯ ಭಟ್ಟರಿಗೆ ಎಷ್ಟು, ಪಾತ್ರೆಯವನಿಗೆ ಎಷ್ಟು ಎಂಬುದನ್ನು ಒಂದೇ ಹಾಳೆಯ ಮೇಲೆ ಬರೆದು, ಆ ಪಾತ್ರೆಯವನ ಮುಂದೆಯೇ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕಾರಣ ಹೇಳಲು ಆಗುತ್ತದೆಯೇ? ಆಗುವುದಾದರೆ ಅಂತರ ಹತ್ತು ಪಟ್ಟಿದ್ದರೂ ಅದಕ್ಕೊಂದು ನೆಲೆ ಇದೆ. ಆಗದಿದ್ದರೆ ಮೂರು ಪಟ್ಟಿದ್ದರೂ ಯೋಚಿಸಬೇಕು.

ಮುಂದಿನ ಮಾಸಿಕ ಸಭೆಗೆ ಬರುವಾಗ ಸದಸ್ಯರು ತಮ್ಮ ಇತ್ತೀಚಿನ ಒಂದು ಸಮಾರಂಭದ ಕೂಲಿ ಪಟ್ಟಿಯನ್ನು ತರಬೇಕೆಂದು ವಿನಂತಿ. ಗಿರಾಕಿಯ ಹೆಸರು, ಎಲೆಯ ದರ ಬೇಕಿಲ್ಲ. ಎಷ್ಟು ಜನ ದುಡಿದರು, ಯಾರಿಗೆ ಎಷ್ಟು ಸಿಕ್ಕಿತು ಎಂಬುದಿದ್ದರೆ ಸಾಕು. ಪಟ್ಟಿಯ ಕೊನೆಯ ಸಾಲು ಖಾಲಿ ಇದ್ದರೆ, ಅದನ್ನು ತುಂಬಿಕೊಂಡು ಬನ್ನಿ.